ಗುದ್ದಲಿ ಪೂಜೆಗೆ ನಕ್ಕವರು

ಮೊಮ್ಮಗಳು ಉಗುರಿನ ಬಣ್ಣ ಅಳಿಸಲು ಸೀಸೆಯೊಂದನ್ನು ತೆರೆದಳು. ಆ ಘಾಟಿಗೆ ನನ್ನ ಓದು ನಿಂತುಹೋಯಿತು. ಶಿಡ್ಲಘಟ್ಟದ ಚಿತ್ರಮಂದಿರದ ಯಂತ್ರದ ಕೋಣೆಯಲ್ಲಿ, ಹರಿದ ರೀಲು ಅಂಟಿಸುವಾಗ ಇಂಥದೇ ವಾಸನೆ ಏಳುತ್ತಿತ್ತು. ಅಂಟಿಸುತ್ತಿದ್ದವರು ಆಪರೇಟರ್ ಅಣ್ಣ...

ನಾನಾಗ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದೆ. ರಜೆಯ ದಿನ ಮ್ಯಾಟಿನಿ ನೋಡಿ, ಬಳಿಕ ಅವರ ಕೋಣೆ ಹತ್ತಿ ಕೂರುವುದು ರೂಢಿ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಅವರು ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ತೋರಿಸುತ್ತಿದ್ದರು. ಆ ಮರ್ಯಾದೆ ಸಲ್ಲುತ್ತಿದ್ದುದು ಹಾಡುಗಳಿಗೆ. ಆ ಚುನಾವಣೆಯ ವರ್ಷ ಮಾತ್ರ ಒಂದು ಹಾಸ್ಯದೃಶ್ಯಕ್ಕೆ ಸಂದಿತು. ಮಂತ್ರಿಯೊಬ್ಬ ಒಂದೇ ಆಸ್ಪತ್ರೆಗೆ ಮೂರನೆಯ ಸಲ ಗುದ್ದಲಿ ಪೂಜೆಗೆ ಬಂದು, ಹಿಂದೆ ತಾನೇ ನೆಡಿಸಿದ್ದ ಅಡಿಗಲ್ಲುಗಳನ್ನು ಎಡವಿ ಬಿದ್ದು, ಬಿದ್ದಲ್ಲಿಂದಲೇ ಭಾಷಣ ಮಾಡುತ್ತಾನೆ.

ಅಣ್ಣನ ಹಳ್ಳಿಯ ಹೆರಿಗೆ ಆಸ್ಪತ್ರೆಗೂ ಆಗಿದ್ದದ್ದು ಪೂಜೆಯಷ್ಟೇ. ಅವರ ಹೆಂಡತಿ ಪೇಟೆಗೆ ಬರುವ ದಾರಿಯಲ್ಲಿ, ಗಾಡಿಯಲ್ಲೇ ಹೆತ್ತು, ಗಾಡಿಯಲ್ಲೇ ತೀರಿಕೊಂಡಿದ್ದರು. ಹೆಣ್ಣುಮಗು ಉಳಿಯಿತು.

“ಇಷ್ಟು ನಕ್ಕಿರೋ ಜನ ಈ ಸಲ ಅವನಿಗೆ ವೋಟ್ ಹಾಕ್ತಾರೇನಪ್ಪ?” ಎನ್ನುತ್ತಿದ್ದರು, ಆ ಪೂಜೆ ಮಾಡಿದ್ದ ಮುಖಂಡರನ್ನು ಕುರಿತು. ವಿಡಂಬನೆಗೆ ಅಧಿಕಾರ ನಡುಗುತ್ತದೆಂದು ನಾನು ಓದಿದ ಪುಸ್ತಕಗಳೂ ಹೇಳುತ್ತಿದ್ದವು. ನಂಬಿದ್ದೆ.

ಒಂದು ಮಧ್ಯಾಹ್ನ ಆ ಮುಖಂಡರೇ ಬಾಲ್ಕನಿಗೆ ಬಂದು ಕುಳಿತರು. ದೃಶ್ಯ ಬಂದಾಗ ಎಲ್ಲರೂ ನಗದೆ ಬಾಲ್ಕನಿಯತ್ತ ತಿರುಗಿ ನೋಡಿದರು. ಅವರು ಮಾತ್ರ ತೊಡೆ ತಟ್ಟಿಕೊಂಡು ನಕ್ಕು, “ಲೇ, ನನ್ ಮ್ಯಾಲೇ ಪಿಕ್ಚರ್ ತೆಗ್ದವ್ರಲ್ರೋ! ಒನ್ಸ್ ಮೋರ್!” ಎಂದರು. ಇಡೀ ಮಂದಿರ ಅವರೊಡನೆ ಕೂಗಿತು. ನಾನೂ ಕೂಗಿದೆ.

“ಎಂಥಾ ದೊಡ್ಡ ಮನಸ್ಸು ನೋಡಪ್ಪ ನಮ್ಮೋರ್ದು!” ಎಂದ ಪಕ್ಕದವನು.

ಅಣ್ಣ ರೀಲನ್ನು ಹಿಂದಕ್ಕೆ ಸುತ್ತಲಿಲ್ಲ. ಕುರ್ಚಿಗಳು ಮುರಿದವು. ಮುಂದಿನ ಆಟಕ್ಕೆ ಆ ದೃಶ್ಯವೇ ಇರಲಿಲ್ಲ, ಅಣ್ಣ ಕತ್ತರಿಸಿಬಿಟ್ಟಿದ್ದರು. ಮಾಲೀಕರು ಅಂದೇ ಅವರನ್ನು ಕೆಲಸದಿಂದ ಬಿಡಿಸಿದರು.

“ಹೆದರಿಬಿಟ್ರಾ, ಅಣ್ಣ?” ಎಂದು ಕೇಳಿದೆ.

“ಭಯ ಎಲ್ಲಿಂದ ಬಂತಪ್ಪ? ಅವಳು ಸತ್ತಿದ್ದು ಅವನಿಗೂ ತಮಾಷೆ ಆಯ್ತಲ್ಲ... ದಿನಾ ತೋರ್ಸಿದ್ದು ನಾನೇ.” ಕತ್ತರಿಯನ್ನು ಒರೆಸಿಟ್ಟರು. “ನೀನೂ ಕೂಗ್ದೆ. ನಿನ್ ದನಿ ನಂಗೆ ಗೊತ್ತಾಗಲ್ವೇನೋ?”

ಆಮೇಲೆ ಆ ಕೋಣೆಯ ಮೆಟ್ಟಿಲು ನಾನು ಹತ್ತಲಿಲ್ಲ. ಮುಖಂಡರು ಗೆದ್ದರು. ಆಪರೇಟರ್ ಹೆದರಿ ಕತ್ತರಿಸಿದನೆಂಬುದೇ ಊರಿನ ಚರಿತ್ರೆಯಾಯಿತು. ಯಾವ ಮಾತನ್ನೂ ಸಾಕ್ಷಿ ಕೇಳದೆ ಒಪ್ಪದ ನಾನು, ಇದೊಂದಕ್ಕೆ ಸಾಕ್ಷಿಯಾಗಿದ್ದೂ ಸುಮ್ಮನಿದ್ದೆ. ಅವರ ಪರವಾಗಿ ಬಾಯಿ ತೆರೆದರೆ ನನ್ನ ಕೂಗನ್ನೂ ಒಪ್ಪಿಕೊಳ್ಳಬೇಕಿತ್ತು.

ಕಳೆದ ತಿಂಗಳು ಅವರು ಚಿಂತಾಮಣಿಯಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ತಿಥಿಯ ಊಟದ ಪಂಕ್ತಿಯಲ್ಲಿ ಯಾರೋ ಮತ್ತೆ, “ಪುಕ್ಕಲ ಪಾಪ, ಸೀನೇ ಕಟ್ ಮಾಡ್ಬಿಟ್ಟಿದ್ರಂತೆ,” ಎಂದರು. ಕಡೆಗೂ ನಡೆದದ್ದನ್ನು ಹೇಳಿದೆ, ನನ್ನ ಕೂಗನ್ನೂ ಸೇರಿಸಿ. ಎದುರು ಕೂತಿದ್ದ ಹುಡುಗರು ಕೇಳಿಸಿಕೊಂಡರು.

“ಅದಿರ್ಲಿ ತಾತ, ಆ ಸೀನ್ ಹೆಂಗಿತ್ತು? ಹೇಳಿ ತಾತ.”

ಮಂತ್ರಿ ಕಲ್ಲು ಎಡವಿದ್ದನ್ನು, ಬಿದ್ದಲ್ಲೇ ಮೈಕು ಕೇಳಿದ್ದನ್ನು ಹೇಳಿದೆ. ಇಡೀ ಪಂಕ್ತಿ ನಕ್ಕಿತು.

ಸಾರಿನ ಬಕೆಟ್ ಹಿಡಿದಿದ್ದ ಅಣ್ಣನ ಮಗಳು, ಅಂದು ಗಾಡಿಯಲ್ಲಿ ಹುಟ್ಟಿದ್ದವರು, ನನ್ನೆದುರು ಒಂದು ಕ್ಷಣ ನಿಂತರು. ನನ್ನ ಎಲೆಗೆ ಬಡಿಸಿ, ಮುಂದಕ್ಕೆ ಹೋದರು.