ತಿರುವಿಲ್ಲದ ದಾರಿಗೆ ತಿರುವಿನ ಕಾರು

ನಮ್ಮ ಮನೆಗೆ ಬ್ಯಾಟರಿ ಕಾರು ಬಂದದ್ದು ಅತ್ತೆಯ ಬೆನ್ನಿಗಾಗಿ. ಈ ಮಾತನ್ನು ಮೊದಲೇ ಬರೆದಿಡುತ್ತೇನೆ. ಕಾರು ಬಾಗಿಲಿಗೆ ಬಂದ ದಿನವೇ ನಮ್ಮ ಯಜಮಾನರಿಗೆ ಅದು ಮರೆತುಹೋಯಿತು.

ಅತ್ತೆ ಬಚ್ಚಲಲ್ಲಿ ಜಾರಿ ಕುಕ್ಕರಿಸಿದ್ದರು. ಬೆನ್ನುಮೂಳೆಯ ಒಂದು ಮಣಿ ಅದುಮಿಕೊಂಡಿದೆ ಎಂದ ಡಾಕ್ಟರು ಸೊಂಟಕ್ಕೆ ಅಗಲವಾದ ಬೆಲ್ಟು ಕೊಟ್ಟು, ನಡೆಯಬಹುದು, ಕೂರಬಹುದು, ಕುಲುಕಾಟ ಮಾತ್ರ ಕೂಡದು ಎಂದರು. ಮನೆಯಲ್ಲೇ ಇರುವವರಿಗೆ ಅದೇನು ದೊಡ್ಡ ಪಥ್ಯವಲ್ಲ. ಆದರೆ ನಮ್ಮತ್ತೆ ಪ್ರತಿ ಭಾನುವಾರ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗಲೇಬೇಕು. ಅಲ್ಲಿ ಅವರ ತಂಗಿ ಇದ್ದಾರೆ. ಲಕ್ವ ಹೊಡೆದು ಬಲಗೈ ಬಲಗಾಲು ನಿಂತಿವೆ, ಮಾತು ಅರ್ಧಂಬರ್ಧ. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ವಾರವಿಡೀ ಒಂದೆರಡು ತುತ್ತಿಗೇ ಬಾಯಿ ಮುಚ್ಚುವ ಆ ಹೆಂಗಸು ಭಾನುವಾರ ಅಕ್ಕ ಕೈಯಲ್ಲಿ ಕಿವುಚಿ ಬಾಯಿಗಿಟ್ಟರೆ ತಟ್ಟೆ ಖಾಲಿ ಮಾಡುತ್ತಾರೆ. ತಾಯಿಯಿಲ್ಲದ ಮನೆಯಲ್ಲಿ ಅಕ್ಕನೇ ತುತ್ತು ಕೊಟ್ಟು ಬೆಳೆಸಿದ್ದರಂತೆ. ನಾಲಿಗೆಗೆ ಮಾತು ಮರೆತರೂ ಆ ಕೈ ಮರೆತಿಲ್ಲ.

ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಸೊಪ್ಪಿನ ಬಸ್ಸಾರು ಮಾಡಿ, ಅನ್ನವನ್ನು ಸ್ವಲ್ಪ ಮೆತ್ತಗೆ ಬೇಯಿಸಿ, ಮೊಸರನ್ನು ಮೇಲಿನ ಡಬ್ಬಿಗೆ ಹಾಕಿ, ಕ್ಯಾರಿಯರ್ ಕಟ್ಟುತ್ತೇನೆ. ಅಲ್ಲಿ ಅಡುಗೆ ಇರುವುದಿಲ್ಲವೆಂದಲ್ಲ. ಅಕ್ಕನ ಮನೆಯದು ಎಂದರೆ ಅವರು ಇನ್ನೊಂದು ತುತ್ತು ಹೆಚ್ಚಿಗೆ ತಿನ್ನುತ್ತಾರೆ.

ಮೊದಲು ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಬಣ್ಣ ಹೋಗಿತ್ತು, ಒಂದು ಕಿಟಕಿ ಇಳಿಯುತ್ತಿರಲಿಲ್ಲ. ಆದರೆ ಸೀಟು ಹಳೆಯ ಹಾಸಿಗೆಯ ಹಾಗೆ, ಕೂತರೆ ಒಳಗೆ ಕರೆದುಕೊಳ್ಳುತ್ತಿತ್ತು. ತಿರುವಿನಲ್ಲಿ ವಾಲುತ್ತಿತ್ತು, ಉಬ್ಬಿನ ಮೇಲೆ ತೂಗುತ್ತಿತ್ತು. ಅತ್ತೆ ಅದರಲ್ಲಿ ನಿದ್ದೆ ಮಾಡಿಕೊಂಡು ಹೋಗಿಬರುತ್ತಿದ್ದರು. ಅದರ ಕ್ಲಚ್ಚು ಮೇಲಿಂದ ಮೇಲೆ ಕೈಕೊಡತೊಡಗಿದಾಗ ಮಾರಿ, ಚಿಕ್ಕದೊಂದು ಬ್ಯಾಟರಿ ಕಾರು ತೆಗೆದುಕೊಳ್ಳುವುದೆಂದಾಯಿತು. ಸದ್ದಿಲ್ಲ, ನಡುಕವಿಲ್ಲ, ಅವ್ವನ ಬೆನ್ನಿಗೆ ಒಳ್ಳೆಯದು ಎಂದು ಯಜಮಾನರೇ ಹೇಳಿದ್ದು. ನಾನೂ ನಂಬಿದೆ.

ಅದೇ ಕಾರಿನಲ್ಲಿ ಎರಡು ಬಗೆ ಇತ್ತು. ಒಂದಕ್ಕೆ ಸಣ್ಣ ಚಕ್ರ, ದಪ್ಪ ಟೈರು, ಬೂದು ಬಣ್ಣದ ಸಾದಾ ಸೀಟು. ಇನ್ನೊಂದಕ್ಕೆ ದೊಡ್ಡ ಅಲಾಯ್ ಚಕ್ರ, ಅದರ ಸುತ್ತ ಬಳೆಯಷ್ಟು ತೆಳ್ಳಗೆ ರಬ್ಬರು, ಬಿಗಿ ಸ್ಪ್ರಿಂಗು, ಕೆಂಪು ದಾರದ ಹೊಲಿಗೆ ಹಾಕಿದ ಗಟ್ಟಿ ಸೀಟು, ಜೊತೆಗೆ ಸ್ಪೋರ್ಟ್ ಎಂದು ಬರೆದ ಒಂದು ಗುಂಡಿ. ಆ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಯಜಮಾನರ ಮುಖ ಬಿಗಿಯುತ್ತದೆ, ಅಷ್ಟು ಮಾತ್ರ ಕಣ್ಣಾರೆ ನೋಡಿದ್ದೇನೆ.

ಎರಡನೆಯದನ್ನು ಆರಿಸಿದ್ದು ಅವರ ಆಫೀಸಿನ ಗೆಳೆಯರೊಬ್ಬರು. ಫೋನಿನಲ್ಲಿ ಕಾರಿನ ವಿಡಿಯೋ ನೋಡಿ ನೋಡಿ ಪಂಡಿತರಾದವರು ಅವರು, ಸ್ವಂತಕ್ಕೆ ಓಡಿಸುವುದು ಸ್ಕೂಟರು. ನಮ್ಮ ಹಜಾರದಲ್ಲಿ ಕೂತು ನನ್ನ ಕಾಫಿ ಕುಡಿಯುತ್ತ ಹ್ಯಾಂಡ್ಲಿಂಗ್ ಎಂಬುದರ ಮಹಿಮೆ ಹೇಳಿದರು. ಬ್ಯಾಟರಿಯ ಭಾರವೆಲ್ಲ ನೆಲದಲ್ಲಿರುತ್ತದಂತೆ, ಕಾರು ರಸ್ತೆಗೆ ಅಂಟಿಕೊಳ್ಳುತ್ತದಂತೆ, ಎಂಥ ತಿರುವಿನಲ್ಲೂ ಮೈ ವಾಲುವುದಿಲ್ಲವಂತೆ. ಟಿ. ನರಸೀಪುರದ ದಾರಿಯಲ್ಲಿ ಅಂಥ ತಿರುವು ಎಲ್ಲಿದೆ ಎಂದು ನಾನು ಕೇಳಿದೆ. ಗದ್ದೆ ಬಯಲಿನ ನೇರ ದಾರಿ ಅದು. ತಿರುವು ಬಂದಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬರುತ್ತದೆ, ಎಲ್ಲರೂ ನಿಂತೇ ಹೋಗಬೇಕು. ಗೆಳೆಯರು ನನ್ನನ್ನು ಕನಿಕರದಿಂದ ನೋಡಿ ಇನ್ನೊಂದು ಚಕ್ಕುಲಿ ತೆಗೆದುಕೊಂಡರು.

ಟೆಸ್ಟ್ ಡ್ರೈವಿಗೂ ಅವರಿಬ್ಬರೇ ಹೋದರು. ಮೈಸೂರು ರಸ್ತೆಯಲ್ಲಿ ತಾಂಡವಪುರದವರೆಗೆ ಹೋಗಿ ಬಂದರು. ಆ ಹೆದ್ದಾರಿಯಲ್ಲಿ ಮಂಚವನ್ನು ಎಳೆದುಕೊಂಡು ಹೋದರೂ ಹಾಯಾಗಿಯೇ ಇರುತ್ತದೆ. ಅವ್ವನನ್ನು ಕೂರಿಸಿಕೊಂಡು ಹೋಗಿ ಎಂದು ನಾನು ಹೇಳಿದ್ದಕ್ಕೆ, ಪಾಪ ಅವರಿಗೇಕೆ ತೊಂದರೆ ಎಂದರು. ಯಾರ ಬೆನ್ನಿಗಾಗಿ ಕಾರೋ ಆ ಬೆನ್ನನ್ನು ಮನೆಯಲ್ಲಿ ಬಿಟ್ಟು ಕಾರು ಪರೀಕ್ಷಿಸಿ ಬಂದ ಜಾಣರು.

ಕಾರು ಬಂತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಪೂಜೆ ಮಾಡಿ, ಮೊದಲ ಭಾನುವಾರ ಹೊರಟೆವು. ಮುಂದೆ ಯಜಮಾನರು, ಹಿಂದೆ ನಾನು ಮತ್ತು ಅತ್ತೆ, ನನ್ನ ಕಾಲ ನಡುವೆ ಕ್ಯಾರಿಯರ್. ಪೇಟೆ ದಾಟುವವರೆಗೆ ಸದ್ದೇ ಇರಲಿಲ್ಲ, ನಿಜ. ಹಳ್ಳಿ ರಸ್ತೆ ಶುರುವಾಯಿತು ನೋಡಿ. ಒಂದೊಂದು ತೇಪೆಯೂ, ಒಂದೊಂದು ಕಲ್ಲೂ ಲೆಕ್ಕ ತಪ್ಪದೆ ಸೀಟಿಗೆ ಬಂದು ವರದಿ ಒಪ್ಪಿಸತೊಡಗಿತು. ಈ ಕಡೆ ಊರಿಗೊಂದು ಉಬ್ಬು ಅಲ್ಲ, ಗುಡಿಗೊಂದು, ಶಾಲೆಗೊಂದು, ಸೊಸೈಟಿಗೊಂದು, ಮನೆ ಮುಂದೆ ವೇಗವಾಗಿ ಹೋಗಬಾರದೆಂದು ಯಾರೋ ದೊಡ್ಡ ಮನುಷ್ಯರು ಹಾಕಿಸಿಕೊಂಡದ್ದೊಂದು. ಒಂದೊಂದಕ್ಕೂ ಅತ್ತೆ ಕಣ್ಣುಮುಚ್ಚಿ ನನ್ನ ಮಣಿಕಟ್ಟನ್ನು ಹಿಡಿಯುತ್ತಿದ್ದರು. ಯಜಮಾನರು ಮಾತ್ರ ಕಾರು ಎಷ್ಟು ಚೆನ್ನಾಗಿ ರಸ್ತೆ ಹಿಡಿಯುತ್ತದೆಂದು ವಿವರಿಸುತ್ತಲೇ ಇದ್ದರು.

"ಒಂಚೂರಾದ್ರೂ ವಾಲ್ತದಾ ನೋಡವ್ವ" ಎಂದರು.

ಅತ್ತೆ ಕಣ್ಣು ತೆರೆಯದೆ ಹೇಳಿದರು: "ವಾಲುದ್ರೆ ಬಾಗ್ಲು ಇಡ್ಕೊತೀನಿ ಕಣ್ಲಾ. ಇಂಗೆ ಎತ್ತೆತ್ತಿ ಆಕುದ್ರೆ ಏನ ಇಡ್ಕೊಳ್ಳಾನ?"

ಆ ದಿನ ಟಿ. ನರಸೀಪುರ ತಲುಪುವಷ್ಟರಲ್ಲಿ ಬಸ್ಸಾರು ಕ್ಯಾರಿಯರಿನ ಮುಚ್ಚಳ ದಾಟಿ ನನ್ನ ಸೀರೆಯ ಅಂಚಿಗೆ ಬಂದಿತ್ತು. ಅತ್ತೆ ತಂಗಿಗೆ ನಿಂತುಕೊಂಡೇ ಉಣ್ಣಿಸಿದರು, ಕೂರಲಾಗಲಿಲ್ಲ. ಮನೆಗೆ ಬಂದವರು ಬುಧವಾರದವರೆಗೆ ಹಾಸಿಗೆ ಬಿಡಲಿಲ್ಲ. ಮುಂದಿನ ಭಾನುವಾರ ಹೋಗಲಾಗಲಿಲ್ಲ. ಸಂಜೆ ಅಲ್ಲಿಂದ ಫೋನು ಬಂತು. ಚಿಕ್ಕತ್ತೆ ಬೆಳಿಗ್ಗೆಯಿಂದ ಬಾಗಿಲ ಕಡೆಗೇ ನೋಡುತ್ತ, ತಟ್ಟೆಯನ್ನು ಎಡಗೈಯಲ್ಲಿ ತಳ್ಳಿಬಿಟ್ಟರಂತೆ. ಅತ್ತೆ ಅದನ್ನು ಕೇಳಿ ತಾವೂ ಊಟ ಬೇಡವೆಂದರು. ಯಜಮಾನರು ಹೊರಗೆ ಕಾರನ್ನು ಚಾರ್ಜಿಗೆ ಹಾಕುತ್ತಿದ್ದರು. ಅದಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಊಟ.

ಗೆಳೆಯರನ್ನು ಕೇಳಿದಾಗ, ಬಿಗಿ ಸ್ಪ್ರಿಂಗು ಅಂದರೆ ಹಾಗೇ, ರಸ್ತೆ ಮೈಗೆ ತಿಳಿಯಬೇಕು, ಅದೇ ಅದರ ಸೊಗಸು ಎಂದರಂತೆ. ಅದುಮಿಕೊಂಡ ಮೂಳೆಗೆ ರಸ್ತೆ ತಿಳಿದು ಏನಾಗಬೇಕು? ನಮ್ಮ ರಸ್ತೆಯ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ಅತ್ತೆ ಮದುವೆಯಾಗಿ ಬಂದ ವರ್ಷವೇ ತಿಳಿದುಕೊಂಡಿದ್ದಾರೆ.

ಉಪಾಯ ಹೇಳಿದ್ದು ಕೊನೆಗೆ ಅತ್ತೆಯೇ. ಅವರ ತಂದೆ, ಮನೆಯ ಹೆಂಗಸರನ್ನು ಎತ್ತಿನ ಗಾಡಿಯಲ್ಲಿ ಕಳಿಸುವಾಗ ಮೊದಲು ನಾಲ್ಕು ಮೂಟೆ ಹಾಕಿಸಿ, ಆಮೇಲೆ ಹುಲ್ಲು ಹಾಸಿಸಿ ಕೂರಿಸುತ್ತಿದ್ದರಂತೆ. ಬರಿ ಗಾಡಿ ಎಗರುತ್ತದೆ, ಭಾರ ಬಿದ್ದರೆ ಸುಮ್ಮನಾಗುತ್ತದೆ ಎನ್ನುವುದು ಅವರ ಲೆಕ್ಕ. ಹದಿನಾರು ಎಂಬ ಊರಿನಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಮೈದುನನಿಗೆ ಇದು ಬಹಳ ಹಿಡಿಸಿತು. ಟ್ರ್ಯಾಕ್ಟರ್ ಟ್ರೈಲರಿನದೂ ಇದೇ ಬುದ್ಧಿ ಎಂದು, ಮಾರನೆಯ ವಾರವೇ ಭತ್ತದ ಮೂಟೆ ತಂದು ಡಿಕ್ಕಿಗೆ ತುರುಕಿದ. ಡಿಕ್ಕಿ ಚಿಕ್ಕದು. ಹಿಡಿಯದ ಇನ್ನೊಂದು ಮೂಟೆಯನ್ನು ಮುಂದಿನ ಎಡಗಡೆಯ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದ. ಕೆಂಪು ದಾರದ ಹೊಲಿಗೆಯ ಮೇಲೆ ಭತ್ತದ ಮೂಟೆ ಕೂತಿದ್ದ ಗತ್ತು ನೋಡಿದರೆ ಆಫೀಸಿನ ಗೆಳೆಯರೇ ಕೂತ ಹಾಗಿತ್ತು.

ಒಪ್ಪಲೇಬೇಕು, ಕೆಲಸ ಮಾಡಿತು. ಸಣ್ಣಪುಟ್ಟ ತೇಪೆಗಳಿಗೆ ಕಾರು ಈಗ ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆ ನನ್ನ ಮಣಿಕಟ್ಟು ಬಿಟ್ಟು ಎಲೆಅಡಿಕೆ ಚೀಲ ತೆಗೆದರು. ಗದ್ದೆಯಲ್ಲಿ ನಾಟಿ ಯಾರದಾಗಿದೆ, ಯಾರದಾಗಿಲ್ಲ ಎಂದು ಹೇಳುತ್ತ ಬಂದರು. ಮುಖ ಗಂಟಿಕ್ಕಿಕೊಂಡಿದ್ದವರು ಯಜಮಾನರೊಬ್ಬರೇ. ಕಾರಿನ ಹಿಂಭಾಗ ಕುಸಿದಿದೆ, ಸ್ಟೇರಿಂಗು ತೇಲುತ್ತಿದೆ, ಚಾರ್ಜು ಬೇಗ ಇಳಿಯುತ್ತಿದೆ, ಇಷ್ಟೊಳ್ಳೆ ಕಾರನ್ನು ಎತ್ತಿನ ಗಾಡಿ ಮಾಡಿಬಿಟ್ಟಿರಿ ಎಂದು ಗೊಣಗುತ್ತಿದ್ದರು. ಎತ್ತಿನ ಗಾಡಿ ಆದ ಮೇಲೆಯೇ ಅದು ಕೆಲಸಕ್ಕೆ ಬಂದದ್ದು ಎಂದು ನಾನು ಹೇಳಲಿಲ್ಲ. ಯೋಚಿಸಿದ್ದು ನಿಜ.

ಭಾರ ಹೊತ್ತ ಕಾರು ನೆಲಕ್ಕೆ ಹತ್ತಿರವಾಗಿರುತ್ತದೆ ಎಂಬುದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಗಾಡಿಯ ಚಕ್ರ ಆಳೆತ್ತರ, ಅದರ ಹೊಟ್ಟೆ ಯಾವ ಉಬ್ಬಿಗೂ ತಗಲುವುದಿಲ್ಲ. ಈ ಕಾರಿನ ಹೊಟ್ಟೆಯಲ್ಲಿ ಬ್ಯಾಟರಿ. ದಾರಿಯಲ್ಲಿ ಒಂದು ಊರು ಮುಗಿದ ಮೇಲೆ, ಬಿಳಿ ಪಟ್ಟೆಯೂ ಇಲ್ಲದ, ಹೊಸದಾಗಿ ಎಬ್ಬಿಸಿದ್ದ ಒಂದು ಉಬ್ಬು ಬಂತು. ಚಕ್ರ ಹತ್ತಿತು, ಹೊಟ್ಟೆ ಕೂತಿತು. ಅಡಿಯಿಂದ ದಢ್ ಎಂದು ಸದ್ದು, ಆಮೇಲೆ ಕರಕರ ಎಂದು ಉಜ್ಜಿದ ಸದ್ದು. ಮುಂದಿನ ಸೀಟಿನ ಮೂಟೆ ಬೆಲ್ಟಿಗೆ ಜೋತುಬಿತ್ತು. ಅತ್ತೆಯ ಬಾಯಿಂದ "ಅವ್ವಾ" ಎಂದಷ್ಟೇ ಬಂತು.

ಯಜಮಾನರು ಕಾರು ನಿಲ್ಲಿಸಿದರು. ಬಾಗಿಲು ತೆರೆದು ಇಳಿದರು. ನಾನು ಹಿಂದಿನ ಬಾಗಿಲು ತೆರೆಯುತ್ತಾರೆಂದು ಕಾದೆ. ಅವರು ಟಾರಿನ ಮೇಲೆ ಅಂಗಾತ ಮಲಗಿ ಕಾರಿನ ಅಡಿಗೆ ಹೋದರು. ಇಸ್ತ್ರಿ ಮಾಡಿದ ಅಂಗಿ ನಾನು ಬೆಳಿಗ್ಗೆಯಷ್ಟೇ ಕೊಟ್ಟದ್ದು. ಫೋನಿನ ಬೆಳಕು ಹಾಕಿ ಬ್ಯಾಟರಿಯ ತಗಡನ್ನು ತಡವುತ್ತಿದ್ದರು, ಹೊರಗೆ ಅವರ ಎರಡು ಚಪ್ಪಲಿ ಮಾತ್ರ ಕಾಣುತ್ತಿತ್ತು. ಅತ್ತೆಗೆ ಉಸಿರು ತಿರುಗುವವರೆಗೆ ನಾನು ಅವರ ಬೆನ್ನಿಗೆ ಕೈ ಕೊಟ್ಟು ಕೂತಿದ್ದೆ. ಆಮೇಲೆ ಅವರು ನನ್ನ ಹೆಗಲು ಹಿಡಿದು ನಿಧಾನವಾಗಿ ಇಳಿದರು, ಆ ಚಪ್ಪಲಿಗಳ ಪಕ್ಕ ಹೋಗಿ ನಿಂತರು.

"ಅದ್ಕೇನೂ ಪೆಟ್ಟಾಗ್ನಿಲ್ಲ ತಾನೇ ಮಗ?" ಎಂದು ಕೇಳಿದರು.

"ಇಲ್ಲ ಕಣವ್ವ, ಬರೀ ಗೀಚದೆ" ಎಂದು ಅಡಿಯಿಂದ ಉತ್ತರ ಬಂತು. ಸಂತೋಷದ ದನಿ.

ದೂರದಲ್ಲಿ ಕೆಂಪು ಬಸ್ಸು ಬರುತ್ತಿತ್ತು. ಅತ್ತೆ ಸೆರಗು ಸರಿಮಾಡಿಕೊಂಡು ರಸ್ತೆಯ ಅಂಚಿಗೆ ನಡೆದು ಕೈ ಅಡ್ಡ ಹಿಡಿದರು. ಯಜಮಾನರು ಅಡಿಯಿಂದ ತೆವಳಿ ಹೊರಗೆ ಬಂದು ಏಳುವಷ್ಟರಲ್ಲಿ ನಾವಿಬ್ಬರೂ ಮೆಟ್ಟಿಲು ಹತ್ತಿ ಆಗಿತ್ತು. ಅವರು ಏನೋ ಕೂಗಿದರು. ಮೆಟ್ಟಿಲ ಮೇಲೆ ನಿಂತೇ ಅತ್ತೆ ತಿರುಗಿ ಹೇಳಿದರು: "ಬಸ್ಸಾರು ಅದ್ರೊಳಗದೆ, ಚೆಲ್ದಂಗೆ ತಕ್ಕಬಾ."

ಬಸ್ಸು ಮೆತ್ತಗಿತ್ತೆಂದು ನಾನು ಸುಳ್ಳು ಬರೆಯುವುದಿಲ್ಲ. ಸೀಟಿನ ರೆಕ್ಸಿನು ಹರಿದಿತ್ತು, ಕಿಟಕಿ ಗಡಗಡ ಎನ್ನುತ್ತಿತ್ತು. ಆದರೆ ಹಿಂದಿನ ಚಕ್ರಕ್ಕೂ ಮುಂದಿನ ಚಕ್ರಕ್ಕೂ ನಡುವೆ ಒಂದು ಸೀಟು ಹುಡುಕಿ ಕೂತರೆ, ಬಸ್ಸು ಉಬ್ಬಿನ ಮೇಲೆ ತೂಗುತ್ತದೆ, ಎಸೆಯುವುದಿಲ್ಲ. ಭಾನುವಾರದ ಬಸ್ಸು, ಜನ ತುಂಬಿದ್ದರು. ಆ ಭಾರಕ್ಕೆ ಅದು ಬಸುರಿಯ ಹಾಗೆ ಹುಷಾರಾಗಿ ಹೋಗುತ್ತಿತ್ತು. ಅತ್ತೆಯ ತಂದೆಯ ಲೆಕ್ಕ ಸುಳ್ಳಲ್ಲ, ಭಾರ ಹಾಕಿದ ಗಾಡಿ ತಪ್ಪಾಗಿತ್ತು.

ಆ ದಿನ ನಾವು ಹೋದಾಗ ಚಿಕ್ಕತ್ತೆ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಹಿಂದೆಯೇ ಯಜಮಾನರು ಕ್ಯಾರಿಯರ್ ಹಿಡಿದು ಬಂದರು, ಬೆನ್ನ ತುಂಬ ರಸ್ತೆಯ ಧೂಳು. ಅತ್ತೆ ತಂಗಿಯ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಈ ಸಲ ಕೂತುಕೊಂಡೇ, ಅನ್ನ ಕಿವುಚಿ ಉಣ್ಣಿಸಿದರು. ಚಿಕ್ಕತ್ತೆ ತಟ್ಟೆ ಖಾಲಿ ಮಾಡಿ ಅಕ್ಕನ ಬೆರಳನ್ನೂ ನೆಕ್ಕಿದರು. ಎರಡು ವಾರದ ಹಸಿವು ಅದು.

ಸಣ್ಣ ಚಕ್ರ, ದಪ್ಪ ಟೈರು ಈ ಕಾರಿಗೂ ಕೂರುತ್ತದೆ, ಬದಲಾಯಿಸಿದರೆ ಎಷ್ಟೋ ಮೆತ್ತಗಾಗುತ್ತದೆ ಎಂದು ಷೋರೂಮಿನವರು ಹೇಳಿದ್ದಾರೆ. ಹಾಗೆ ಮಾಡಿದರೆ ಕಾರಿನ ಕಳೆಯೇ ಹೋಗುತ್ತದೆಂದು ಗೆಳೆಯರು ಹೇಳಿದ್ದಾರೆ. ಯಜಮಾನರು ಇನ್ನೂ ಯೋಚಿಸುತ್ತಿದ್ದಾರೆ. ಅವರು ಯೋಚಿಸಿ ಮುಗಿಸುವವರೆಗೆ ಚಿಕ್ಕತ್ತೆ ಉಪವಾಸ ಕೂರಲಾಗದಲ್ಲ. ಆದ್ದರಿಂದ ಈಗ ಭಾನುವಾರ ನಾನು ಮತ್ತು ಅತ್ತೆ ಬಸ್ಸಿನಲ್ಲಿ ಹೋಗುತ್ತೇವೆ. ತುಂಬಿದ ಬಸ್ಸಿನಲ್ಲಿ ಕ್ಯಾರಿಯರ್ ಇಟ್ಟುಕೊಳ್ಳಲು ಜಾಗ ಇರುವುದಿಲ್ಲ. ಅದು ಕಾರಿನಲ್ಲಿ, ಮುಂದಿನ ಸೀಟಿನಲ್ಲಿ, ಬೆಲ್ಟು ಹಾಕಿಕೊಂಡು ಬರುತ್ತದೆ. ಚೆಲ್ಲದಿರಲೆಂದು ಯಜಮಾನರು ಬಹಳ ನಿಧಾನವಾಗಿ, ಬಸ್ಸಿನ ಹಿಂದೆಯೇ ಬರುತ್ತಾರೆ.

ಕಂಡಕ್ಟರಿಗೆ ನಮ್ಮ ಗುರುತಾಗಿದೆ. ಹೋದ ವಾರ ಟಿಕೆಟ್ ಕೊಡುತ್ತ ಹಿಂದಿನ ಗಾಜಿನತ್ತ ಬಗ್ಗಿ ನೋಡಿ ಕೇಳಿದರು: "ಅಷ್ಟು ಜೋರಾದ ಕಾರು ಇಟ್ಕೊಂಡು ಒಂದ್ ಓವರ್‌ಟೇಕೂ ಮಾಡ್ದೆ ಬತ್ತಾವ್ನಲ್ಲಮ್ಮ, ಯಾರದು?"

ಅತ್ತೆ ತಿರುಗಿ ನೋಡಲೂ ಇಲ್ಲ. ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು: "ಊಟ ತತ್ತಾವ್ನೆ ಕಣಪ್ಪ."