ಟಗರು ಮಾರಿ ಸ್ಟಾಂಪು ಕೊಂಡವಳು

ನಮ್ಮತ್ತೆ ಗೋಪಮ್ಮ ಮನೆ ಕೊಂಡ ಕಥೆಯನ್ನು ಓಣಿಯವರು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಅವರ ಮಾತು ಬಿಡಿ. ನಾನು ಆಕೆಯ ಸೊಸೆ, ಆಕೆಯ ಬೈಗುಳ ತಿಂದುಕೊಂಡೇ ಇದೇ ಮನೆಯಲ್ಲಿ ರೊಟ್ಟಿ ಬಡಿದವಳು. ಆಕೆಯ ಬಾಯಿಂದ ನೂರು ಸಲ ಕೇಳಿದ್ದನ್ನೇ ಹೇಳುತ್ತೇನೆ.

ಯುದ್ಧ ನಡೆಯುತ್ತಿದ್ದ, ಸೀಮೆಎಣ್ಣೆಗೆ ಪರದಾಡುತ್ತಿದ್ದ ಕಾಲ. ದೇವದುರ್ಗದಿಂದ ಗಂಡನ ಜೊತೆ ಕೂಲಿಗೆಂದು ರಾಯಚೂರಿಗೆ ಬಂದ ಗೋಪಮ್ಮ, ಗಂಡ ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. ಗಚ್ಚು ಬಡಿಯುವುದು ಆಕೆಯ ಕೆಲಸ. ಮಾಳಿಗೆಯ ಮೇಲೆ ಸುಣ್ಣ, ಮರಳು ಹರಡಿ, ಹೆಂಗಸರು ಸಾಲಾಗಿ ಕೂತು ಹಾಡುತ್ತ ಬಡಿದರೆ ಮಳೆಯ ಒಂದು ಹನಿಯೂ ಕೆಳಗಿಳಿಯುತ್ತಿರಲಿಲ್ಲ. ಊರಿನವರ ಮಾಳಿಗೆಗಳನ್ನೆಲ್ಲ ಬಡಿದು ಬಂದ ಈಕೆ ತಾನು ಮಾತ್ರ ಬಾಡಿಗೆ ಗುಡಿಸಲಿನಲ್ಲಿ, ಮಳೆ ಬಂದರೆ ತಲೆಯ ಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಕೂರುತ್ತಿದ್ದಳು. ಒಂದು ಮಳೆಗಾಲವಾದರೂ ಸ್ವಂತ ಮಾಳಿಗೆಯ ಕೆಳಗೆ ಕಳೆಯಬೇಕು ಎಂಬುದೊಂದೇ ಆಕೆಯ ಹುಚ್ಚು.

ಆಗ ಟಾಂಗಾ ಹೊಡೆಯುವ ಅಮೀರ್ ಸಾಬ್, ಮಾನ್ವಿಯಲ್ಲಿದ್ದ ಮಗಳ ಹತ್ತಿರ ಹೋಗಿರುತ್ತೇನೆಂದು ತನ್ನ ಎರಡು ಖೋಲಿಯ ಮನೆ ಮಾರಲು ನಿಂತ. ಗೋಪಮ್ಮ ಚೌಕಾಸಿ ಮಾಡಿ ಮಾಡಿ ಅವನನ್ನು ನಿಜಾಮರ ನಾಣ್ಯದ ಆರುನೂರು ಹಾಲಿ ರೂಪಾಯಿಗೆ ಇಳಿಸಿದಳು. ಗಂಡನ ಪಾಲಿನ ಹೊಲ ಮಾರಿದ ದುಡ್ಡಿಗೆ ವರ್ಷಾನುಗಟ್ಟಲೆ ಕೂಲಿಯ ಉಳಿಕೆ ಸೇರಿಸಿದಾಗ ಅಷ್ಟಾಯಿತು, ಮೇಲೆ ಸ್ವಲ್ಪ ಚಿಲ್ಲರೆಯೂ ಉಳಿಯಿತು. ಕುಣಿಯುವುದೊಂದು ಬಾಕಿ! ತಮ್ಮ ತಾಯಣ್ಣನಂತೂ ಮನೆಯೊಕ್ಕಲಿನ ಊಟಕ್ಕೆಂದು ತಾನೇ ಮೇಯಿಸಿದ ಟಗರನ್ನು ದೇವದುರ್ಗದಿಂದ ನಡೆಸಿಕೊಂಡೇ ಬಂದುಬಿಟ್ಟ.

ರಿಜಿಸ್ಟ್ರಿ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಮಾರಾಟದ ಕಾಗದ ಬರೆಯುತ್ತಿದ್ದವನು ಗುಲಾಮ್ ದಸ್ತಗೀರ್. ಮನೆಯ ಬೆಲೆಯೇ ಬೇರೆ, ಸರಕಾರದ ಸ್ಟಾಂಪು, ರಿಜಿಸ್ಟ್ರಿ, ತನ್ನ ಬರವಣಿಗೆಯ ಕೂಲಿ ಬೇರೆ ಎಂದು ಆತ ಹೇಳಿದಾಗ ಗೋಪಮ್ಮ ಕಣ್ಣುಕಣ್ಣು ಬಿಟ್ಟಳು. ಸೆರಗಿನ ಗಂಟಿನಲ್ಲಿದ್ದ ಚಿಲ್ಲರೆ ಅದರ ಅರ್ಧಕ್ಕಷ್ಟೇ ಸಾಲುತ್ತಿತ್ತು.

"ಅದಕ್ಯಾಕ ಚಿಂತಿ ಮಾಡ್ತಿ ಗೋಪವ್ವಾ?" ಎಂದ ದಸ್ತಗೀರ್. "ಮುನ್ನೂರಕ್ಕ ಮಾರ್‍ಯಾನಂತ ಬರೀತೀನಿ. ಸ್ಟಾಂಪು ಅರ್ಧಕ್ಕ ಇಳೀತದ. ಎಲ್ಲಾರೂ ಹಂಗೇ ಬರಸ್ತಾರ."

"ಆರುನೂರು ಎಣಿಸಿ ಕೊಟ್ಟು ಮುನ್ನೂರು ಅಂತ ಬರಸ್ಲೇನು? ಉಳದ ಮುನ್ನೂರು ನಾ ಏನು ಕದ್ದು ತಂದೀನೇನ್ರಿ? ಬಡದು ಬಡದು ಕೈ ಬೊಬ್ಬಿ ಎದ್ದಾವ, ನೋಡ್ರಿ! ಎಷ್ಟು ಕೊಟ್ಟೀನೋ ಅಷ್ಟೂ ಬರೀರಿ!"

"ಯಕ್ಕಾ, ಸ್ಟಾಂಪಿಗೆ ದುಡ್ಡು ಎಲ್ಲದ?" ಎಂದು ತಾಯಣ್ಣ ಕೇಳಿದ. ಕೇಳಬಾರದಿತ್ತು. ಗೋಪಮ್ಮನ ಕಣ್ಣು ಮರಕ್ಕೆ ಕಟ್ಟಿದ್ದ ಟಗರಿನ ಮೇಲೆ ಬಿತ್ತು.

ಅದು ಅಂದೇ ಸಂತೆಯಲ್ಲಿ ಮಾರಾಟವಾಯಿತು. ತಾಯಣ್ಣ ನಡುಬೀದಿಯಲ್ಲೇ ಅತ್ತ. ಮನೆಯೊಕ್ಕಲಿಗೆ ಬಂದವರು ಬಾಡೂಟದ ಆಸೆ ಬಿಟ್ಟು ಹುಗ್ಗಿ ಉಂಡು, 'ಟಗರು ಮಾರಿ ಸ್ಟಾಂಪು ಕೊಂಡವಳು' ಎಂದು ಅಡ್ಡಹೆಸರಿಟ್ಟು ನಕ್ಕರು. ಗೋಪಮ್ಮನಿಗೆ ಅದರ ಗೊಡವೆಯೇ ಇರಲಿಲ್ಲ. ಹೊಸಲಿಗೆ ಅರಿಷಿಣ ಹಚ್ಚುತ್ತ, ಗೋಡೆ ಸವರುತ್ತ ಓಡಾಡುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಮನೆಯ ಗಡಿಗೆಪ್ಪ ಸಾಹುಕಾರ ಇಬ್ಬರು ಸಾಕ್ಷಿಗಳನ್ನು ಕಟ್ಟಿಕೊಂಡು ಬಂದ, ಕೈಯಲ್ಲಿ ಹಣದ ಚೀಲ. ನಮ್ಮಂಥವರು ಅವನಿಗೆ ಮಾಳಿಗೆ ಬಡಿಯಲು ಬೇಕು, ಗೋಡೆಗೆ ಗೋಡೆ ಹಚ್ಚಿ ಬಾಳಲು ಬೇಡ. ಅಂಗಳದಲ್ಲಿ ನಿಂತೇ ಕೂಗಿದ:

"ಈ ಮನಿ ಮ್ಯಾಲ ನಂದು ಶುಫಾ ಅದ! ಕಾಗದದಾಗ ಎಷ್ಟದ ಅಷ್ಟು ತೊಗೊಂಡು ಖಾಲಿ ಮಾಡು!"

ನಿಜಾಮರ ಸೀಮೆಯಲ್ಲಿ ಅಂಥದೊಂದು ಹಕ್ಕಿತ್ತು. ಪಕ್ಕದ ಮನೆ ಮಾರಾಟವಾದರೆ ನೆರೆಯವನು ತಡಮಾಡದೆ ಸಾಕ್ಷಿ ಸಮೇತ ಬಂದು ಕೇಳಿ, ಕಾಗದದಲ್ಲಿದ್ದ ಬೆಲೆ ಕೊಟ್ಟು ಮನೆಯನ್ನು ತನ್ನದು ಮಾಡಿಕೊಳ್ಳಬಹುದಿತ್ತು. ಎಲ್ಲರಂತೆ ಈಕೆಯೂ ಅರ್ಧವೇ ಬರೆಸಿರುತ್ತಾಳೆ ಎಂಬುದು ಗಡಿಗೆಪ್ಪನ ಲೆಕ್ಕ. ಹೊಸಲಿನ ಅರಿಷಿಣ ಇನ್ನೂ ಆರಿರಲಿಲ್ಲ, ಮನೆ ಹೋಯಿತೆಂದೇ ಗೋಪಮ್ಮ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಊಟಕ್ಕೆ ಬಂದಿದ್ದ ದಸ್ತಗೀರ್ ಕೈ ತೊಳೆದು, ಕಾಗದ ಬಿಚ್ಚಿ, ಓಣಿಗೆಲ್ಲ ಕೇಳುವಂತೆ ಓದಿದ: "ಛೇ ಸೌ ರುಪಯೇ, ಸಿಕ್ಕಾ ಹಾಲಿ!"

"ಆರುನೂರಾ?" ಗಡಿಗೆಪ್ಪನ ದನಿ ಇಳಿಯಿತು. "ಈ ಮುರುಕ ಮನಿಗೆ ಆರುನೂರು ಯಾವ ಹುಚ್ಚ ಕೊಡ್ತಾನ?"

"ನಾ ಕೊಟ್ಟೀನ್ರಿ ಸಾಹುಕಾರ್ರ!" ಗೋಪಮ್ಮನಿಗೆ ಬಾಯಿ ಬಂತು. "ಮನಿ ಬೇಕಂದ್ರ ಚೀಲ ಬಿಚ್ಚರಿ. ಎಣಿಸ್ರಿ ಇಲ್ಲೇ, ಎಲ್ಲಾರ ಮುಂದ!"

ಗಡಿಗೆಪ್ಪ ಚೀಲ ಬಿಚ್ಚಲಿಲ್ಲ. ಅದರೊಳಗೆ ಎಷ್ಟಿತ್ತೆಂದು ಎಲ್ಲರಿಗೂ ಅರ್ಥವಾಗಿತ್ತು. ಸಾಕ್ಷಿಗಳೇ ಮೊದಲು ಜಾರಿದರು, ಹಿಂದೆಯೇ ಆತನೂ ಹೋದ.

"ಶುಫಾದ ಕಾನೂನು ನಿನಗ ಯಾರು ಹೇಳಿದ್ರು ಗೋಪವ್ವಾ?" ಎಂದು ದಸ್ತಗೀರ್ ಬೆರಗಾಗಿ ಕೇಳಿದ. "ಮುನ್ನೂರು ಬರಸಿದ್ರ ಮನೀನೂ ಹೋಗ್ತಿತ್ತು, ಉಳದ ಮುನ್ನೂರೂ ಹೋಗ್ತಿತ್ತು."

"ಕಾನೂನು ನನಗೇನು ಗೊತ್ತ್ರಿ? ಕೊಟ್ಟಷ್ಟು ಬರೀರಿ ಅಂದೆ, ಅಷ್ಟೇ."

ಮೂಲೆಯಲ್ಲಿ ಮುನಿಸಿಕೊಂಡು ಕೂತಿದ್ದ ತಾಯಣ್ಣ ಎದ್ದು ಕುಣಿದಾಡತೊಡಗಿದ. "ಗುದ್ದಿತು ನೋಡಬೇ ಯಕ್ಕಾ, ನನ್ನ ಟಗರು ಗುದ್ದಿತು!"

ಆ ವರ್ಷದ ಮೊದಲ ಮಳೆ ಬಂದಾಗ ಗೋಪಮ್ಮ ಒಲೆಯ ಮುಂದಿದ್ದಳು. ಹನಿಯ ಸದ್ದಿಗೆ ಕೈ ತಾನಾಗಿಯೇ ಬುಟ್ಟಿ ಎಳೆದು ತಲೆಯ ಮೇಲೆ ಹಾಕಿಕೊಂಡಿತು. ಸುಮಾರು ಹೊತ್ತು ಹಾಗೇ ಕೂತವಳು, ಒಮ್ಮೆ ಮೇಲೆ ನೋಡಿ, ಕಿಲಕಿಲ ನಕ್ಕು, ಬುಟ್ಟಿಯನ್ನು ಅಂಗಳಕ್ಕೆ ಎಸೆದಳಂತೆ.