ಪಕ್ಕದ ಮನೆಯ ಹೊಗೆ

ಮೇಡಂ ಅವರನ್ನು ಅವಳು ಮೊದಲು ಕಂಡದ್ದು ಖಗೋಳ ವಿಭಾಗದ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ. ಮೇಜಿನ ಮೇಲೆ ಆರಿದ ಚಹಾ, ಕಿಟಕಿಗೆ ನೇತುಹಾಕಿದ ಕೊಡೆ, ಒಂದು ಕಾಲು ಕುಂಟುವ ಕುರ್ಚಿ. ಸಂಶೋಧನೆಗೆ ಸೇರಲು ಬಂದವಳು ಕೂರಲೋ ಬೇಡವೋ ಎಂದು ನಿಂತೇ ಇದ್ದಳು.

“ಕೂತ್ಕೋಮ್ಮ, ಬಿದ್ರೆ ಎತ್ತೋಕೆ ನಾನಿದೀನಿ. ಬಟ್ಟೇಲಿ ಹೊಗೆ ವಾಸನೆ, ನಿಮ್ಮನೇಲಿ ಸೌದೆ ಒಲೆನಾ?”

ಅವಳ ಕಿವಿ ಬಿಸಿಯಾಯಿತು. “ಹೂಂ ಮೇಡಂ.”

“ಹೊಗೆ ಎಲ್ಲಿಂದ ಆಚೆ ಹೋಗತ್ತೆ?”

“ಹೆಂಚಿನ ಸಂದೀಲಿ. ಮಿಕ್ಕಿದ್ದು ಅಮ್ಮನ ಕಣ್ಣಿಗೆ.”

ಮೇಡಂ ಬಿದ್ದು ಬಿದ್ದು ನಕ್ಕರು. “ನಿನ್ನ ಕೆಲಸಾನೂ ಅದೇ, ಸಂದಿ ಹುಡುಕೋದು.”

ದೊಡ್ಡ, ಬಲು ಬಿಸಿಯಾದ ನಕ್ಷತ್ರಗಳು ತೀಕ್ಷ್ಣವಾದ ಅತಿನೇರಳೆ ಬೆಳಕನ್ನು ಸೂಸುತ್ತವೆ. ಅದು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತುಹಾಕುತ್ತದೆ. ಅಯಾನೀಕರಿಸುವ ವಿಕಿರಣವೆಂದರೆ ಅದೇ. ಗೆಲಾಕ್ಸಿಯೊಳಗಿನ ಅನಿಲ ಅದರ ಬಹುಪಾಲನ್ನು ನುಂಗಿಬಿಡುತ್ತದೆ. ನಕ್ಷತ್ರಗಳು ಸಿಡಿದು ಅನಿಲದಲ್ಲಿ ತೂತು ಬಿದ್ದ ಕಡೆ ಮಾತ್ರ ಒಂದಿಷ್ಟು ಹೊರಗೆ ಸೋರುತ್ತದೆ. ಹಾಗೆ ಸೋರುವ ದೂರದ ಗೆಲಾಕ್ಸಿಯೊಂದು ಅವಳಿಗೆ ಸಿಕ್ಕಿತು. ವಿಭಾಗದವರೆಲ್ಲ ಬೆನ್ನು ತಟ್ಟಿದರು. ಅಮ್ಮ ಫೋನಿನಲ್ಲಿ, “ನಿಮ್ಮಪ್ಪ ಊರೆಲ್ಲ ಸಾರಿ ಬಂದ್ರು ಕಣೆ, ಮಗಳು ಆಕಾಶದಲ್ಲಿ ತೂತು ಹುಡುಕಿದ್ಲು ಅಂತ,” ಎಂದಳು.

ಮೇಡಂ ಅದನ್ನು ದೊಡ್ಡ ಸಭೆಯಲ್ಲಿ ಮಂಡಿಸಬೇಕಿತ್ತು. ಭಾಷಣಕ್ಕೆ ಚಿತ್ರ ಸಿದ್ಧಪಡಿಸಲು ಅವಳು ಹಳೆಯ ಕಡತಗಳನ್ನು ತೆರೆದಳು. ಗೆಲಾಕ್ಸಿಯ ರೋಹಿತದಲ್ಲಿ, ಎಂದರೆ ಬಣ್ಣಬಣ್ಣವಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಒಂದು ಮಸುಕು ಗೆರೆ ಇತ್ತು. ಕ್ಯಾಮೆರಾಕ್ಕೆ ಬಡಿದ ಯಾವುದೋ ಕಣದ ಗೀರೆಂದು ಅವಳೇ ಅದನ್ನು ಅಳಿಸಿದ್ದಳು. ಆದರೆ ಕಣದ ಗೀರು ಪ್ರತಿ ಚಿತ್ರದಲ್ಲೂ ಒಂದೇ ಜಾಗಕ್ಕೆ ಬೀಳುವುದಿಲ್ಲ. ಇದು ಬಿದ್ದಿತ್ತು. ಆ ಗೆರೆ ಇನ್ನೊಂದು ಪುಟ್ಟ ಗೆಲಾಕ್ಸಿಯದು; ದೂರದ ಗೆಲಾಕ್ಸಿಯ ನೇರಕ್ಕೇ, ನಮಗೆ ಹತ್ತಿರದಲ್ಲಿ, ಅದು ನಿಂತಿತ್ತು. ಸೋರಿದ್ದೆಂದು ಅವಳು ಅಳೆದದ್ದು ಅದರ ಸಾಮಾನ್ಯ ಬೆಳಕನ್ನು. ಆ ಗೆರೆ ಎರಡನೆಯ ಚಿತ್ರದಲ್ಲೂ ಕಂಡಾಗ ಕೈ ಒಂದು ಕ್ಷಣ ತಡೆದಿತ್ತು, ಆದರೂ ಅಳಿಸಿದ್ದಳು. ಅವಳಿಗೆ ತೂತು ಬೇಕಾಗಿತ್ತು.

ಸಭಾಂಗಣದ ಬಾಗಿಲಲ್ಲಿ ಮೇಡಂಗೆ ಹೇಳುವಾಗ ಅವಳ ಕಣ್ಣು ನೆಲ ಬಿಟ್ಟು ಏಳಲಿಲ್ಲ. “ಹೊಗೆ ಪಕ್ಕದ್ಮನೇದು ಮೇಡಂ. ನಂಗೆ ಆಗ್ಲೇ ಅನುಮಾನ ಬಂದಿತ್ತು.”

ಮೇಡಂ ಮುಖ ಬಿಳಿಚಿಕೊಂಡಿತು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಅವರು ನೇರ ವೇದಿಕೆ ಹತ್ತಿ, “ನಾನು ಸರಿಯಾಗಿ ನೋಡಲಿಲ್ಲ, ಫಲಿತಾಂಶ ಹಿಂತೆಗೆದುಕೊಳ್ಳುತ್ತಿದ್ದೇನೆ,” ಎಂದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎದ್ದು “ತಪ್ಪು ನನ್ನದು” ಎನ್ನಬೇಕೆಂದು ಅವಳು ಕುರ್ಚಿಯ ಅಂಚಿಗೆ ಬಂದಳು. ಏಳಲಿಲ್ಲ. ಅಳಿಸಿದ್ದಕ್ಕಿಂತ ಆ ಕೂತದ್ದು ಅವಳನ್ನು ಇಂದಿಗೂ ಸುಡುತ್ತದೆ.

ಈಗ ಅವಳು ಅದೇ ವಿಭಾಗದಲ್ಲಿದ್ದಾಳೆ. ಬೆಳಕು ಸೋರುತ್ತಿದೆ ಎಂದು ಯಾರೇ ಹೇಳಲಿ, ಅದರ ಮುಂದೆ ಇನ್ನೊಂದು ಗೆಲಾಕ್ಸಿ ನಿಂತಿದೆಯೇ ಎಂದು ಪರೀಕ್ಷಿಸಿ ಕೊಡುತ್ತಾಳೆ.